ಕೆಂಪು ದೀಪ ದಾಟಿದ್ದು ಎಷ್ಟನೇ ಸೆಕೆಂಡಿನಲ್ಲಿ?

ದಾವಣಗೆರೆಯಲ್ಲಿ ರಸ್ತೆ ಸುರಕ್ಷತೆಯ ಸಭೆ ಎಲ್ಲಿ ನಡೆದರೂ, ಸಿಗ್ನಲ್ ಜಂಪ್ ವಿಷಯ ಬಂದ ಕೂಡಲೇ ಮಾತು ಎರಡು ಕಡೆಗೆ ಹರಿಯುತ್ತದೆ: ಈ ತಿಂಗಳು ಎಷ್ಟು ಪ್ರಕರಣ ದಾಖಲಾದವು, ದಂಡವನ್ನು ಇನ್ನೆಷ್ಟು ಏರಿಸಬೇಕು. ಸಂಚಾರ ಎಂಜಿನಿಯರ್ ಆಗಿ ನಾನು ಅದಕ್ಕೂ ಮೊದಲು ಕೇಳುವ ಪ್ರಶ್ನೆ ಬೇರೆ. ಆ ವಾಹನ ನಿಲುಗಡೆಯ ಬಿಳಿ ಗೆರೆಯನ್ನು ದಾಟಿದ್ದು ಕೆಂಪು ದೀಪ ಬಿದ್ದ ಎಷ್ಟನೇ ಸೆಕೆಂಡಿನಲ್ಲಿ? ಮೊದಲ ಸೆಕೆಂಡಿನಲ್ಲಿ ದಾಟಿದವನು, ನಟ್ಟನಡುವೆ ದಾಟಿದವನು, ಹಸಿರು ಬೀಳಲು ಮೂರು ಸೆಕೆಂಡು ಇರುವಾಗಲೇ ಹೊರಟವನು, ಈ ಮೂವರೂ ಕಾನೂನಿನ ಕಣ್ಣಿನಲ್ಲಿ ಒಂದೇ ತಪ್ಪು ಮಾಡಿದವರು. ಆದರೆ ಆ ತಪ್ಪಿಗೆ ಕಾರಣಗಳು ಬೇರೆ ಬೇರೆ, ಆದ್ದರಿಂದ ಪರಿಹಾರಗಳೂ ಬೇರೆ. ಮೂವರಿಗೂ ಒಂದೇ ದಂಡದ ಚೀಟಿಯನ್ನು ಮದ್ದಾಗಿ ಕೊಡುತ್ತ ಬಂದಿರುವುದರಿಂದಲೇ ನಮ್ಮ ಸರ್ಕಲ್‌ಗಳಲ್ಲಿ ಪರಿಸ್ಥಿತಿ ಹೆಚ್ಚು ಬದಲಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ವಿಷಯವನ್ನು ಇದ್ದುದಕ್ಕಿಂತ ದೊಡ್ಡದು ಮಾಡುವ ಉದ್ದೇಶ ನನಗಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ನಡೆದು 1,68,491 ಜನ ಸತ್ತರು; ಅವುಗಳಲ್ಲಿ ಕೆಂಪು ದೀಪ ದಾಟಿದ ಕಾರಣಕ್ಕೆ ಆದವು ಶೇ 1ರ ಆಸುಪಾಸು ಮಾತ್ರ. ಅತಿವೇಗವೇ ಎಲ್ಲಕ್ಕಿಂತ ದೊಡ್ಡ ಕಾರಣ. ಆದರೂ ಶೇ 1 ಎಂದರೆ ಸಾವಿರಾರು ಅಪಘಾತಗಳು, ಮತ್ತು ಅವು ನಡೆಯುವುದು ಸುರಕ್ಷತೆಗಾಗಿಯೇ ಹಣ ಖರ್ಚು ಮಾಡಿ ದೀಪ ನೆಟ್ಟ ಜಾಗದಲ್ಲಿ. ಇಲ್ಲಿ ಡಿಕ್ಕಿ ಹೆಚ್ಚಾಗಿ ಪಕ್ಕದಿಂದ ಬರುತ್ತದೆ. ಕಾರಿನ ಮುಂಭಾಗದಲ್ಲಿ ಪೆಟ್ಟು ತಡೆಯಲು ಎಂಜಿನ್ ಮತ್ತು ಬಾನೆಟ್ ಇರುತ್ತವೆ. ಪಕ್ಕದಲ್ಲಿ ಬಾಗಿಲಿನ ತಗಡು ಮಾತ್ರ. ಸ್ಕೂಟರಿನಲ್ಲಿ ಹೋಗುವವರಿಗೆ ಅದೂ ಇಲ್ಲ.

ಮೊದಲ ಸೆಕೆಂಡಿನವರ ವಿಷಯದಿಂದ ಆರಂಭಿಸುತ್ತೇನೆ, ಏಕೆಂದರೆ ಇವರ ತಪ್ಪಿನಲ್ಲಿ ನಮ್ಮ ವೃತ್ತಿಯ ಪಾಲು ಬಹಳ ಇದೆ. ಅಮೆರಿಕದಲ್ಲಿ ನಡೆದ ಅಧ್ಯಯನಗಳು ಬಹುಪಾಲು ಉಲ್ಲಂಘನೆಗಳು ಕೆಂಪು ಬಿದ್ದ ಮೊದಲ ಒಂದು ಸೆಕೆಂಡಿನ ಒಳಗೇ ಆಗುತ್ತವೆ ಎಂದು ತೋರಿಸಿವೆ. ಅದಕ್ಕೆ ಕಾರಣ ಹಳದಿ ದೀಪದ ಅವಧಿಯಲ್ಲಿದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುತ್ತಿರುವ ವಾಹನ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಹಳದಿ ಕಂಡು ಕಾಲು ಬ್ರೇಕಿನ ಮೇಲೆ ಬೀಳಲು ಒಂದು ಸೆಕೆಂಡು ಹಿಡಿಯಿತೆಂದುಕೊಳ್ಳಿ. ನಂತರ ಕುಳಿತವರು ಮುಗ್ಗರಿಸದಂತೆ, ಸಾಧಾರಣವಾಗಿ ಬ್ರೇಕ್ ಒತ್ತಿ ನಿಲ್ಲಲು ಇನ್ನೂ 21 ಮೀಟರ್ ಬೇಕು. ಒಟ್ಟು 32 ಮೀಟರ್. ಮೂರು ಸೆಕೆಂಡಿನ ಹಳದಿಯಲ್ಲಿ ಅದೇ ವಾಹನ ಅದೇ ವೇಗದಲ್ಲಿ ಹೋದರೆ 33 ಮೀಟರ್ ದಾಟುತ್ತದೆ. ಅಂದರೆ ಹಳದಿ ಬಿದ್ದಾಗ ಗೆರೆಯಿಂದ 32 ಮೀಟರಿಗಿಂತ ದೂರ ಇದ್ದವನು ನಿಲ್ಲಬಹುದು, ಹತ್ತಿರ ಇದ್ದವನು ದಾಟಬಹುದು. ಲೆಕ್ಕ ಸರಿಹೋಯಿತು.

ವೇಗ 60 ಕಿ.ಮೀ. ಆದಾಗ ಈ ಲೆಕ್ಕ ಮುರಿದುಬೀಳುತ್ತದೆ. ಆಗ ನಿಲ್ಲಲು ಬೇಕಾದದ್ದು 63 ಮೀಟರ್. ಮೂರು ಸೆಕೆಂಡಿನಲ್ಲಿ ದಾಟಬಹುದಾದದ್ದು 50 ಮೀಟರ್. ನಡುವೆ ಉಳಿಯುವ 13 ಮೀಟರಿನ ಪಟ್ಟಿಯಲ್ಲಿ ಸಿಕ್ಕವನು ನಿಲ್ಲಲೂ ಆರ, ಹಳದಿ ಮುಗಿಯುವುದರೊಳಗೆ ಗೆರೆ ಮುಟ್ಟಲೂ ಆರ. ಅವನು ಎಷ್ಟೇ ಸಜ್ಜನನಾದರೂ ಒಂದೋ ಬಲವಾಗಿ ಬ್ರೇಕ್ ಹಾಕಿ ಹಿಂದಿನವನಿಂದ ಗುದ್ದಿಸಿಕೊಳ್ಳಬೇಕು, ಇಲ್ಲವೇ ಕೆಂಪಿನಲ್ಲಿ ದಾಟಬೇಕು. ಇದು ಹೊಸ ಶೋಧವೇನಲ್ಲ. ಗೇಜಿಸ್, ಹರ್ಮನ್ ಮತ್ತು ಮರದುದಿನ್ ಎಂಬ ಮೂವರು 1960ರಲ್ಲಿಯೇ ಇದನ್ನು ಗಣಿತದ ಮೂಲಕ ವಿವರಿಸಿ ಹಳದಿಯ ಅವಧಿಯನ್ನು ಹೇಗೆ ಕಟ್ಟಬೇಕೆಂದು ತೋರಿಸಿಕೊಟ್ಟರು. ಅವರ ಸೂತ್ರದ ಪ್ರಕಾರ 40 ಕಿ.ಮೀ. ವೇಗಕ್ಕೆ ಮೂರು ಸೆಕೆಂಡು ಸಾಕು, 50ಕ್ಕೆ ಸುಮಾರು ಮೂರೂವರೆ, 60ಕ್ಕೆ ಸುಮಾರು ನಾಲ್ಕು ಸೆಕೆಂಡು ಬೇಕು.

ನಮ್ಮ ಪಿ.ಬಿ. ರಸ್ತೆಯನ್ನು ಈ ಲೆಕ್ಕದೊಂದಿಗೆ ನೋಡಬೇಕು. ಅದು ಊರೊಳಗೆ ಉಳಿದ ಹಳೆಯ ಪುಣೆ–ಬೆಂಗಳೂರು ಹೆದ್ದಾರಿ. ಈಗಿನ ರಾಷ್ಟ್ರೀಯ ಹೆದ್ದಾರಿ 48 ಊರ ಹೊರಗಿನ ಬೈಪಾಸಿನಲ್ಲಿ ಹೋದರೂ ಹೆದ್ದಾರಿಯ ಅಗಲ ಮತ್ತು ನೇರ ಇಲ್ಲಿ ಹಾಗೆಯೇ ಉಳಿದಿವೆ. ಬೆಳಗಿನ ಹತ್ತು ಗಂಟೆಗೆ ಅಲ್ಲಿ ಯಾರೂ 30 ಕಿ.ಮೀ. ಮೀರಲಾರರು, ರಾತ್ರಿ ಒಂಬತ್ತೂವರೆಗೆ ಮೀರದವರೇ ವಿರಳ. ಆದ್ದರಿಂದ ಹಳದಿಯ ಅವಧಿಯನ್ನು ಫಲಕದಲ್ಲಿ ಬರೆದ ವೇಗಮಿತಿಯಿಂದ ನಿರ್ಧರಿಸಬಾರದು. ನೂರರಲ್ಲಿ 85 ವಾಹನಗಳು ಮೀರದ ವೇಗ ಯಾವುದೆಂದು ಆ ರಸ್ತೆಯಲ್ಲಿಯೇ ಅಳೆದು, ಅದರಿಂದ ನಿರ್ಧರಿಸಬೇಕು. ಭಾರ ಹೇರಿದ ಲಾರಿಯ ಬ್ರೇಕು ಕಾರಿನಷ್ಟು ಬೇಗ ಹಿಡಿಯುವುದಿಲ್ಲ ಎಂಬುದನ್ನೂ ಗಮನದಲ್ಲಿಡಬೇಕು, 40 ಕಿ.ಮೀ. ವೇಗದಲ್ಲಿಯೇ ಅದಕ್ಕೆ ನಿಲ್ಲಲು 40 ಮೀಟರಿಗಿಂತ ಹೆಚ್ಚು ಬೇಕಾಗಬಹುದು. ಹಾಗೆಂದು ಹಳದಿಯನ್ನು ಮನಬಂದಂತೆ ಉದ್ದ ಮಾಡುವುದೂ ಸಲ್ಲ. ಆರೇಳು ಸೆಕೆಂಡು ಹಳದಿ ಉರಿದರೆ ನಿತ್ಯ ಓಡಾಡುವವರು ಅದನ್ನು ಹಸಿರಿನ ಮುಂದುವರಿಕೆ ಎಂದೇ ತಿಳಿಯುತ್ತಾರೆ.

ಸರಿಯಾದ ಹಳದಿ ಎಷ್ಟು ಫಲ ಕೊಡುತ್ತದೆ ಎಂಬುದಕ್ಕೆ ಅಮೆರಿಕದ ಫಿಲಡೆಲ್ಫಿಯಾ ನಗರದ ಪ್ರಯೋಗ ಒಳ್ಳೆಯ ನಿದರ್ಶನ. ಅಲ್ಲಿ ಮೊದಲು ಹಳದಿಯನ್ನು ಸುಮಾರು ಒಂದು ಸೆಕೆಂಡು ಹೆಚ್ಚಿಸಿದರು. ಅಷ್ಟರಿಂದಲೇ ಉಲ್ಲಂಘನೆ ಶೇ 36ರಷ್ಟು ಇಳಿಯಿತು. ಅನಂತರ ಕ್ಯಾಮೆರಾ ಹಾಕಿದರು; ಉಳಿದಿದ್ದ ಉಲ್ಲಂಘನೆಯಲ್ಲಿ ಶೇ 96ರಷ್ಟು ಕಡಿಮೆಯಾಯಿತು. 2008ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಕ್ಯಾಮೆರಾ ಮಾರುವವರು ಎರಡನೆಯ ಅಂಕಿಯಿಂದ ಓದುತ್ತಾರೆ. ನಾನು ಮೊದಲನೆಯದರಿಂದ ಓದುತ್ತೇನೆ, ಏಕೆಂದರೆ ಅದಕ್ಕೆ ತಗಲುವುದು ನಿಯಂತ್ರಣ ಪೆಟ್ಟಿಗೆಯಲ್ಲಿ ಒಂದು ಅಂಕಿ ಬದಲಿಸುವ ಶ್ರಮ ಮಾತ್ರ, ಮತ್ತು ಅದನ್ನು ಮಾಡದೆ ಕ್ಯಾಮೆರಾ ಹಾಕಿದ್ದರೆ ನಿಲ್ಲಲು ಸಾಧ್ಯವೇ ಇಲ್ಲದವರಿಗೂ ದಂಡ ಬೀಳುತ್ತಿತ್ತು.

ಹಳದಿಯ ಜೊತೆಗೇ ಹೇಳಬೇಕಾದದ್ದು, ಎಲ್ಲ ದಿಕ್ಕಿಗೂ ಕೆಂಪು ಇರುವ ಚಿಕ್ಕ ಅವಧಿ, ಅಂದರೆ ಸರ್ವ ಕೆಂಪು. ಹಳದಿಯ ಕೊನೆಯ ಕ್ಷಣದಲ್ಲಿ ನ್ಯಾಯವಾಗಿಯೇ ಒಳಗೆ ಬಂದ ವಾಹನ ಸರ್ಕಲ್ ಬಿಟ್ಟು ಹೊರಹೋಗುವವರೆಗೆ ಅಡ್ಡರಸ್ತೆಯವರನ್ನು ತಡೆದಿಡಲು ಈ ವ್ಯವಸ್ಥೆ. 30 ಮೀಟರ್ ಅಗಲದ ಸರ್ಕಲನ್ನು 12 ಮೀಟರ್ ಉದ್ದದ ಬಸ್ಸು 40 ಕಿ.ಮೀ. ವೇಗದಲ್ಲಿ ಪೂರ್ತಿ ದಾಟಲು ನಾಲ್ಕು ಸೆಕೆಂಡಿಗೆ ಸ್ವಲ್ಪ ಕಡಿಮೆ ಬೇಕು. ಭದ್ರಾ ನಾಲೆಯ ಬಯಲಿನಿಂದ ಭತ್ತ, ಸುತ್ತಲಿನ ಹಳ್ಳಿಗಳಿಂದ ಮೆಕ್ಕೆಜೋಳ ಹೇರಿಕೊಂಡು ಎ.ಪಿ.ಎಂ.ಸಿ.ಗೆ ಬರುವ ಟ್ರ್ಯಾಕ್ಟರಿಗೆ, ಟ್ರೇಲರ್ ಸೇರಿ 10 ಮೀಟರ್ ಉದ್ದ ಮತ್ತು 20 ಕಿ.ಮೀ. ವೇಗ ಎಂದು ಹಿಡಿದರೆ, ಏಳು ಸೆಕೆಂಡು ಬೇಕು. ಎಲ್ಲ ಸರ್ಕಲ್‌ಗಳಲ್ಲೂ ಏಳು ಸೆಕೆಂಡು ತಡೆಹಿಡಿಯಲಾಗದು ನಿಜ. ಆದರೆ ಸುಗ್ಗಿಯ ತಿಂಗಳುಗಳಲ್ಲಿ ಮಾರುಕಟ್ಟೆಯ ದಾರಿಯ ಸಿಗ್ನಲ್‌ಗಳಿಗಾದರೂ ಬೇರೆ ಅವಧಿ ಇಡಬಹುದು. ಇಂದಿನ ನಿಯಂತ್ರಕಗಳಲ್ಲಿ ದಿನದ ಹೊತ್ತಿಗೆ, ವಾರದ ದಿನಕ್ಕೆ ಬೇರೆ ಬೇರೆ ಯೋಜನೆ ಅಳವಡಿಸುವ ಸೌಲಭ್ಯ ಇರುತ್ತದೆ; ಬಳಸುವವರು ಕಡಿಮೆ.

ಎರಡನೆಯ ಗುಂಪು, ಹಸಿರಿಗೆ ಮೊದಲೇ ಹೊರಡುವವರದು. ದ್ವಿಚಕ್ರ ವಾಹನಗಳೇ ಹೆಚ್ಚಾಗಿರುವ ನಮ್ಮಂತಹ ಊರುಗಳಲ್ಲಿ ಇದೇ ದೊಡ್ಡ ಗುಂಪು ಎಂಬುದು ಯಾವ ಸಿಗ್ನಲಿನಲ್ಲಿ ಹತ್ತು ನಿಮಿಷ ನಿಂತರೂ ಕಾಣುತ್ತದೆ. ಕೆಂಪಿನ ಟೈಮರ್ 5, 4, 3 ಎಂದು ಇಳಿಯುತ್ತಿದ್ದಂತೆ ಬೈಕುಗಳ ಸಾಲು ಗೆರೆ ದಾಟಿ, ಜೀಬ್ರಾ ಪಟ್ಟಿಯನ್ನೂ ದಾಟಿ, ಸರ್ಕಲಿನ ಒಳಕ್ಕೆ ತೆವಳಿರುತ್ತದೆ. ಅತ್ತ ಕಡೆ ಹಸಿರಿನ ಟೈಮರ್ ಇದೇ 3, 2, 1 ತೋರಿಸುತ್ತಿರುವಾಗ ಬರುವವನು ಆಕ್ಸಿಲರೇಟರ್ ಒತ್ತುತ್ತಾನೆ. ಒಬ್ಬ ಒಂದು ಸೆಕೆಂಡು ತಡವಾಗಿ ಒಳಗೆ ಬಂದ, ಇನ್ನೊಬ್ಬ ಎರಡು ಸೆಕೆಂಡು ಮುಂಚೆ ಹೊರಟ. ನಡುವೆ ಇದ್ದ ಎರಡು ಸೆಕೆಂಡಿನ ಸರ್ವ ಕೆಂಪು ಯಾರನ್ನೂ ಕಾಪಾಡಲಿಲ್ಲ. ಕಾಯುವವರಿಗೆ ಟೈಮರಿನಿಂದ ಸಮಾಧಾನ ಸಿಗುತ್ತದೆ, ಎಂಜಿನ್ ಆಫ್ ಮಾಡಿಕೊಳ್ಳಲು ಅನುಕೂಲವೂ ಹೌದು. ಹಾಗಾಗಿ ಅದನ್ನು ಕಿತ್ತುಹಾಕಿ ಎನ್ನಲಾರೆ. ಹಸಿರಿನ ಟೈಮರನ್ನು ಪೂರ್ತಿ ತೆಗೆದು, ಕೆಂಪಿನ ಟೈಮರನ್ನು ಕೊನೆಯ ಐದು ಸೆಕೆಂಡು ಖಾಲಿ ಬಿಡಬೇಕು ಎಂಬುದು ನನ್ನ ಸಲಹೆ.

ಟೈಮರಿಗಿಂತ ಮುಖ್ಯವಾದದ್ದು ನಿಲುಗಡೆ ಗೆರೆ. ಮೊದಲ ಮಳೆಗಾಲಕ್ಕೇ ಅಳಿಸಿಹೋಗುವ ಗೆರೆಯ ಹಿಂದೆ ನಿಲ್ಲಿ ಎಂದು ಜನರಿಗೆ ಹೇಳುವುದು ನ್ಯಾಯವಲ್ಲ. ಬಿಸಿ ಮಾಡಿ ಹಚ್ಚುವ ಥರ್ಮೋಪ್ಲಾಸ್ಟಿಕ್ ಬಣ್ಣ ಬಳಸಿ, ಜೀಬ್ರಾ ಪಟ್ಟಿಗಿಂತ ಎರಡು ಮೂರು ಮೀಟರ್ ಹಿಂದೆ ಗೆರೆ ಎಳೆಯಬೇಕು. ದೀಪದ ಮುಖ್ಯ ಕಂಬ ಗೆರೆಯ ಪಕ್ಕದಲ್ಲೇ ಇದ್ದರೆ, ಗೆರೆ ದಾಟಿ ಮುಂದೆ ನಿಂತವನಿಗೆ ಅದು ಕಾಣುವುದೇ ಇಲ್ಲ. ಆಗ ಅವನು ಪಕ್ಕದವನ ಚಲನೆ ನೋಡಿ, ಹಿಂದಿನವನ ಹಾರ್ನ್ ಕೇಳಿ ಹೊರಡುತ್ತಾನೆ.

ನಡುಗೆಂಪಿನಲ್ಲಿ ದಾಟುವವರ ಬಗ್ಗೆ ನನಗೆ ಮೃದು ಭಾವನೆ ಇಲ್ಲ. ಅವರು ದೀಪವನ್ನು ನೋಡಿಯೇ ದಾಟುತ್ತಾರೆ. ಅಲ್ಲಿಯೂ ಎರಡು ವಿಷಯಗಳನ್ನು ಮೊದಲು ಪರೀಕ್ಷಿಸಬೇಕು. ಒಂದು, ದೀಪ ನಿಜವಾಗಿ ಕಾಣುತ್ತಿತ್ತೇ? ದುಗ್ಗಮ್ಮನ ಜಾತ್ರೆಯಿರಲಿ, ಗಣೇಶನ ಹಬ್ಬವಿರಲಿ, ರಾಜಕೀಯ ಮುಖಂಡರ ಹುಟ್ಟುಹಬ್ಬವಿರಲಿ, ಫ್ಲೆಕ್ಸ್ ಕಟ್ಟಲು ಸಿಗ್ನಲ್ ಕಂಬದಷ್ಟು ಪ್ರಶಸ್ತವಾದ ಜಾಗ ಬೇರೆ ಇಲ್ಲವೆಂದು ನಮ್ಮ ಊರು ತೀರ್ಮಾನಿಸಿದಂತಿದೆ. ಬೆಳೆದ ಮರದ ಕೊಂಬೆ, ದೂಳು ಕವಿದ ಎಲ್ಇಡಿ, ಮೂಡಣ ದಿಕ್ಕಿಗೆ ಹೋಗುವವನ ಕಣ್ಣಿಗೆ ಬೆಳಗಿನ ಬಿಸಿಲು, ಇವೂ ದೀಪವನ್ನು ಮರೆಮಾಡುತ್ತವೆ. ದೀಪದ ಹಿಂದೆ ಕಪ್ಪು ತಗಡು ಹಾಕಿ ಅಂಚಿಗೆ ಹೊಳೆಯುವ ಹಳದಿ ಪಟ್ಟಿ ಅಂಟಿಸಿದರೆ ಅಪಘಾತಗಳು ಶೇ 15ರಷ್ಟು ಇಳಿಯುತ್ತವೆ ಎಂದು ಅಮೆರಿಕದ ಹೆದ್ದಾರಿ ಆಡಳಿತ ಹೇಳಿದೆ. ಇದು ದುಬಾರಿ ಕೆಲಸವಲ್ಲ.

ಇನ್ನೊಂದು, ಕಾಯಿಸಿದ್ದು ಎಷ್ಟು ಹೊತ್ತು? ಎಲ್ಲ ದಿಕ್ಕಿಗೂ ಒಮ್ಮೆ ಹಸಿರು ಬಂದು ಹೋಗುವ ಒಂದು ಸುತ್ತು ಎಷ್ಟು ಸೆಕೆಂಡಿನದಿರಬೇಕೆಂದು ಲೆಕ್ಕಹಾಕಲು, ಬ್ರಿಟನ್ನಿನ ಸಂಚಾರ ಸಂಶೋಧಕ ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರವನ್ನು ಇಂದಿಗೂ ನಾವು ಬಳಸುತ್ತೇವೆ. ನಾಲ್ಕು ಸರದಿಯ, ಅಂದರೆ ನಾಲ್ಕು ದಿಕ್ಕಿಗೂ ಒಂದರ ನಂತರ ಒಂದರಂತೆ ಹಸಿರು ಬೀಳುವ ಸರ್ಕಲಿನಲ್ಲಿ ಒಂದೊಂದು ಸರದಿಗೆ ನಾಲ್ಕು ಸೆಕೆಂಡು ವ್ಯರ್ಥವಾಗುತ್ತದೆ ಎಂದಿಟ್ಟುಕೊಂಡರೆ, ಸಂಜೆ ರಸ್ತೆಯ ಸಾಮರ್ಥ್ಯದ ಮುಕ್ಕಾಲು ಭಾಗ ತುಂಬಿದಾಗ ಒಂದು ಸುತ್ತಿಗೆ 116 ಸೆಕೆಂಡು ಬೇಕು. ಮಧ್ಯಾಹ್ನ ಅರ್ಧ ಮಾತ್ರ ತುಂಬಿದಾಗ 58 ಸೆಕೆಂಡು ಸಾಕು. ಸಂಜೆಯ ಲೆಕ್ಕವನ್ನೇ ಮಧ್ಯಾಹ್ನ ಎರಡೂವರೆಗೂ ಓಡಿಸಿದರೆ, ಏಪ್ರಿಲ್ ಬಿಸಿಲಿನಲ್ಲಿ ಎದುರಿನ ಖಾಲಿ ರಸ್ತೆಯನ್ನು ನೋಡುತ್ತ ಒಂದೂವರೆ ನಿಮಿಷ ನಿಂತವನ ಮನಸ್ಸಿನಲ್ಲಿ ಆ ದೀಪದ ಮೇಲಿನ ಗೌರವ ಕರಗುತ್ತದೆ. ಇವತ್ತು ನಿಂತವನೂ ನಾಳೆ ದಾಟುತ್ತಾನೆ. ಕರ್ತವ್ಯದ ಮೇಲಿರುವ ಪೊಲೀಸರು ಕೆಂಪು ಇರುವಾಗಲೇ ಕೈ ಬೀಸಿ ವಾಹನ ಬಿಡುವ ಪರಿಪಾಠವೂ ಇದಕ್ಕೆ ಸೇರಿಕೊಳ್ಳುತ್ತದೆ. ಕಾನೂನಿನಂತೆ ಪೊಲೀಸರ ಸೂಚನೆಗೆ ದೀಪಕ್ಕಿಂತ ಹೆಚ್ಚಿನ ಅಧಿಕಾರ ಇದೆ, ಆಂಬುಲೆನ್ಸ್ ಬಂದಾಗ ಅದು ಅಗತ್ಯ ಕೂಡ. ಆದರೆ ಪ್ರತಿ ಸಂಜೆಯೂ ಹಾಗೆ ಬಿಡಬೇಕಾಗಿ ಬಂದರೆ ಆ ಸರ್ಕಲಿನ ಸಮಯ ಯೋಜನೆ ತಪ್ಪಾಗಿದೆ ಎಂದೇ ಅರ್ಥ, ಅದನ್ನು ಸಂಬಂಧಪಟ್ಟ ಎಂಜಿನಿಯರಿಗೆ ಬರೆದು ತಿಳಿಸಬೇಕು.

ಇಷ್ಟೆಲ್ಲ ಆದ ಮೇಲೆ ದಂಡ ಮತ್ತು ಕ್ಯಾಮೆರಾ. ಕಾನೂನು ಸಡಿಲವಾಗಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ ಕೆಂಪು ದೀಪ ದಾಟುವುದನ್ನು ಅಪಾಯಕಾರಿ ಚಾಲನೆ ಎಂದೇ ಹೆಸರಿಸಲಾಗಿದೆ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿವರೆಗೆ ದಂಡ ಅಥವಾ ಸೆರೆವಾಸ ಅಥವಾ ಎರಡೂ ಆಗಬಹುದು. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿಯೇ ಇಂತಹ ಚಾಲಕರ ಪರವಾನಗಿಯನ್ನು ಮೂರು ತಿಂಗಳಿಗೆ ಕಡಿಮೆ ಇಲ್ಲದಂತೆ ಅಮಾನತಿನಲ್ಲಿಡಲು ರಾಜ್ಯಗಳಿಗೆ ಸೂಚಿಸಿತ್ತು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 2021ರಲ್ಲಿ ಬಂದ 167ಎ ನಿಯಮ ವಿದ್ಯುನ್ಮಾನ ನಿಗಾ ವ್ಯವಸ್ಥೆ ಇರಬೇಕಾದ ನಗರಗಳ ಪಟ್ಟಿ ಕೊಟ್ಟಿದೆ, ದಾವಣಗೆರೆಯೂ ಅದರಲ್ಲಿದೆ. ಕ್ಯಾಮೆರಾ ಇರುವ ಕಡೆ ಎಚ್ಚರಿಕೆಯ ಫಲಕ ಹಾಕಬೇಕು, ತಪ್ಪು ನಡೆದ 15 ದಿನಗಳೊಳಗೆ ನೋಟಿಸ್ ಕಳುಹಿಸಬೇಕು ಎಂದು ಆ ನಿಯಮ ಹೇಳುತ್ತದೆ. ಆ 15 ದಿನಗಳ ಅಂಶಕ್ಕೆ ನಾನು ದಂಡದ ಮೊತ್ತಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಸಿಕ್ಕಿಬೀಳುವುದು ಖಚಿತ ಮತ್ತು ಬೇಗ ಎಂದು ಗೊತ್ತಾದರೆ 500 ರೂಪಾಯಿಯೂ ಸಾಕು. ವರ್ಷಗಟ್ಟಲೆ ಬಾಕಿ ಬಿದ್ದು, 2023ರ ಫೆಬ್ರುವರಿಯಲ್ಲಿ ರಾಜ್ಯದಲ್ಲಿ ಆದಂತೆ ಅರ್ಧ ದರದಲ್ಲಿ ಕಟ್ಟಿಸಿಕೊಳ್ಳುವ ರಿಯಾಯಿತಿ ಬರುತ್ತದೆಂದು ಗೊತ್ತಾದರೆ 5,000 ರೂಪಾಯಿಗೂ ಯಾರೂ ಹೆದರುವುದಿಲ್ಲ.

ಕ್ಯಾಮೆರಾಗೆ ಒಂದು ಬೆಲೆಯೂ ಇದೆ. ಅಮೆರಿಕದ ಹೆದ್ದಾರಿ ಆಡಳಿತ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಯಾಮೆರಾ ಇದ್ದ ಸರ್ಕಲ್‌ಗಳಲ್ಲಿ ಪಕ್ಕದ ಡಿಕ್ಕಿಗಳು ಸುಮಾರು ಶೇ 25ರಷ್ಟು ಕಡಿಮೆಯಾದವು, ಹಿಂದಿನಿಂದ ಗುದ್ದುವವು ಸುಮಾರು ಶೇ 15ರಷ್ಟು ಹೆಚ್ಚಿದವು. ಪಕ್ಕದ ಡಿಕ್ಕಿಯೇ ಹೆಚ್ಚು ಮಾರಕವಾದ್ದರಿಂದ ಒಟ್ಟಾರೆ ಲಾಭವೇ. ಆದರೆ ನಮ್ಮಲ್ಲಿ ದಂಡಕ್ಕೆ ಹೆದರಿ ತಟ್ಟನೆ ನಿಲ್ಲುವವನು ಬೈಕ್ ಸವಾರನಾಗಿ, ಹಿಂದೆ ಬರುವುದು ಬಸ್ಸಾಗಿದ್ದರೆ ಈ ಲೆಕ್ಕ ಬೇರೆಯಾದೀತು. ಆದ್ದರಿಂದ ಕ್ಯಾಮೆರಾ ಚಾಲೂ ಮಾಡುವ ಮೊದಲು ಆ ಸರ್ಕಲಿನ ಹಳದಿ ಮತ್ತು ಸರ್ವ ಕೆಂಪಿನ ಅವಧಿಯನ್ನು ಎಂಜಿನಿಯರ್ ಅಳೆದು ಸಹಿ ಮಾಡಿದ ದಾಖಲೆ ಕಡತದಲ್ಲಿರಬೇಕೆಂದು ನಾನು ಒತ್ತಾಯಿಸುತ್ತೇನೆ. ಕೆಂಪು ಬಿದ್ದ ಮೊದಲ ಅರ್ಧ ಸೆಕೆಂಡನ್ನು ದಂಡದಿಂದ ಹೊರಗಿಡುವುದೂ ಉಚಿತ.

ಇದಕ್ಕೆಲ್ಲ ಬೇಕಾದ ಮಾಹಿತಿ ಸಂಗ್ರಹಿಸಲು ದೊಡ್ಡ ಯೋಜನೆ ಬೇಕಿಲ್ಲ. ಸ್ಮಾರ್ಟ್ ಸಿಟಿ ಯೋಜನೆಗೆ 2016ರ ಜನವರಿಯಲ್ಲಿ ಆಯ್ಕೆಯಾದ ಮೊದಲ 20 ನಗರಗಳಲ್ಲಿ ನಮ್ಮದೂ ಒಂದು. ಸಿವಿಲ್ ಎಂಜಿನಿಯರಿಂಗ್ ಕಲಿಸುವ ಕಾಲೇಜುಗಳು ಊರಿನಲ್ಲೇ ಇವೆ. ದೀಪವೂ ನಿಲುಗಡೆ ಗೆರೆಯೂ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ಪಕ್ಕದ ಕಟ್ಟಡದ ಮಹಡಿಯಿಂದ ಬೆಳಗಿನ ಒಂದು ಗಂಟೆ, ಮಧ್ಯಾಹ್ನದ ಒಂದು ಗಂಟೆ, ರಾತ್ರಿಯ ಒಂದು ಗಂಟೆ ವಿಡಿಯೊ ಮಾಡಿಕೊಂಡು, ಗೆರೆ ದಾಟಿದ ಪ್ರತಿ ವಾಹನದ ಮುಂದೆ ಕೆಂಪಿನ ಎಷ್ಟನೇ ಸೆಕೆಂಡು, ಯಾವ ಬಗೆಯ ವಾಹನ, ಯಾವ ದಿಕ್ಕು ಎಂದು ಬರೆದರೆ ಆ ಸರ್ಕಲಿನ ರೋಗ ಯಾವುದೆಂದು ಕಾಣುತ್ತದೆ. ಸಂಖ್ಯೆಗಳು ಆರಂಭದಲ್ಲಿ ಗುಂಪಾಗಿದ್ದರೆ ಹಳದಿಯನ್ನು ನೋಡಬೇಕು, ಕೊನೆಯಲ್ಲಿ ಗುಂಪಾಗಿದ್ದರೆ ಟೈಮರ್ ಮತ್ತು ಗೆರೆಯನ್ನು, ಉದ್ದಕ್ಕೂ ಹರಡಿದ್ದರೆ ಕಾಯುವ ಅವಧಿಯನ್ನು ಮತ್ತು ದೀಪದ ಗೋಚರತೆಯನ್ನು. ಇವೆಲ್ಲ ಸರಿಯಿದ್ದೂ ಹರಡಿದ್ದರೆ ಅದು ಪೊಲೀಸರ ಕೆಲಸ. ಬದಲಾವಣೆ ಮಾಡಿದ ಮೂರು ತಿಂಗಳ ನಂತರ, ಅದೇ ವಾರದ ದಿನ ಅದೇ ಹೊತ್ತಿಗೆ ಮತ್ತೆ ಎಣಿಸಬೇಕು. ಹೊಸ ಏರ್ಪಾಡು ಬಂದ ಮೊದಲ ವಾರ ಎಲ್ಲರೂ ಎಚ್ಚರದಿಂದ ಇರುತ್ತಾರೆ, ಆ ವಾರದ ಎಣಿಕೆಯನ್ನು ವರದಿಯಲ್ಲಿ ಸೇರಿಸಬಾರದು.