ಕರಿಯನಿಗೆ ಮುದ್ದೆ ಒಗ್ಗಿತು, ದ್ರಾಕ್ಷಿ ಒಗ್ಗಲಿಲ್ಲ

ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಕೊಯ್ಲು ಶುರುವಾದರೆ ತೋಟದಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಚಪ್ಪರದ ಕೆಳಗೆ ಒಬ್ಬರು ಗೊಂಚಲು ಕತ್ತರಿಸುತ್ತಾರೆ, ಇನ್ನೊಬ್ಬರು ಕ್ರೇಟು ಹೊರುತ್ತಾರೆ. ಉದುರಿದ ಹಣ್ಣು ಕಾಲಡಿಗೆ ಸಿಕ್ಕಿ ನೆಲವೆಲ್ಲ ಅಂಟು. ನಮ್ಮ ನಾಯಿ ಕರಿಯನೂ ಅಲ್ಲೇ ಓಡಾಡಿಕೊಂಡಿದ್ದ. ಯಾರೋ ಪ್ರೀತಿಯಿಂದ ಒಂದು ಗೊಂಚಲು ಅವನ ಮುಂದೆ ಹಾಕಿದರು. ನಾನು ನೋಡುತ್ತಲೇ ಇದ್ದೆ. ಹಣ್ಣು ತಾನೆ, ತಿನ್ನಲಿ ಅಂದುಕೊಂಡೆ.

ರಾತ್ರಿ ವಾಂತಿ ಶುರುವಾಯಿತು. ಬೆಳಿಗ್ಗೆ ಕೂಗಿದರೆ ಬಾಲ ಮಾತ್ರ ಅಲ್ಲಾಡಿತು, ಮೈ ಏಳಲಿಲ್ಲ. ಪಶುವೈದ್ಯರು ಕೇಳಿದ ಮೊದಲ ಮಾತು, "ಏನು ತಿಂದಿದೆ? ಎಷ್ಟು ಹೊತ್ತಾಯ್ತು?" ದ್ರಾಕ್ಷಿ ಅಂದೆ. ಅವರು ಮುಂದಿನ ಮಾತು ಕೇಳದೆ ಡ್ರಿಪ್‌ ಹಾಕಲು ಹೊರಟರು. ಎರಡು ದಿನ ಡ್ರಿಪ್‌ ಹೋಯಿತು. ಕರಿಯ ಉಳಿದ.

ದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತದೆ. ತಿಂದ ದಿನವೇ ವಾಂತಿ ಬರಬಹುದು. ಒಂದರಿಂದ ಮೂರು ದಿನದೊಳಗೆ ಮೂತ್ರ ಕಡಿಮೆಯಾಗಿ, ಕೊನೆಗೆ ನಿಂತೇ ಹೋಗಬಹುದು. ಒಣದ್ರಾಕ್ಷಿಯಲ್ಲಿ ನೀರು ಹೋಗಿ ಸತ್ವ ಗಟ್ಟಿಯಾಗಿರುತ್ತದೆ, ಹಾಗಾಗಿ ಅದು ಇನ್ನೂ ಕೆಟ್ಟದ್ದು. ಹಬ್ಬದ ದಿನ ಉಳಿದ ಪಾಯಸ, ಕೇಸರಿಬಾತು ನಾಯಿಗೆ ಹಾಕುವವರು ಇದನ್ನು ನೆನಪಿಡಬೇಕು.

ಹಣ್ಣಿನೊಳಗಿನ ಯಾವ ವಸ್ತು ಇದಕ್ಕೆ ಕಾರಣ ಅನ್ನುವುದು ಬಹಳ ವರ್ಷ ಗೊತ್ತಿರಲಿಲ್ಲ. ಸುಳಿವು ಸಿಕ್ಕಿದ್ದು ಬೇರೆ ಕಡೆ. ಕೇಕ್‌ ಮಾಡುವವರು ಬಳಸುವ ಕ್ರೀಮ್‌ ಆಫ್‌ ಟಾರ್ಟರ್‌ ಅನ್ನುವ ಬಿಳಿ ಪುಡಿ ಇದೆ. ವೈನ್‌ ಪೀಪಾಯಿಯಲ್ಲಿ ಗಟ್ಟಿಯಾಗಿ ಕೂರುವ ಹರಳಿನಿಂದ ಅದನ್ನು ಮಾಡುತ್ತಾರೆ. ಅಮೆರಿಕದಲ್ಲಿ ಆ ಪುಡಿ ತಿಂದ ನಾಯಿಗಳಿಗೂ, ಅದನ್ನು ಬೆರೆಸಿ ಮನೆಯಲ್ಲೇ ಮಾಡಿದ ಮಕ್ಕಳ ಆಟದ ಹಿಟ್ಟು ತಿಂದ ನಾಯಿಗಳಿಗೂ ದ್ರಾಕ್ಷಿ ತಿಂದವುಗಳ ಹಾಗೆಯೇ ಮೂತ್ರಪಿಂಡ ಕೆಟ್ಟಿತು. ಎರಡರಲ್ಲೂ ಇರುವುದು ಟಾರ್ಟಾರಿಕ್‌ ಆಮ್ಲ. ಅದೇ ಕಾರಣ ಇರಬೇಕು ಎಂದು ಅಲ್ಲಿನ ಪಶುವೈದ್ಯರು 2021ರಲ್ಲಿ ಬರೆದರು. ಈ ಆಮ್ಲವನ್ನು ಮೂತ್ರಪಿಂಡದ ಕೋಶಗಳಿಂದ ಹೊರಗೆ ದಾಟಿಸುವ ಶಕ್ತಿ ನಾಯಿಗಳಿಗೆ ಸಾಲದು, ಅದು ಒಳಗೇ ಸೇರಿ ಕೋಶಗಳನ್ನು ಕೊಲ್ಲುತ್ತದೆ ಅನ್ನುವುದು ಈಗಿನ ವಿವರಣೆ.

"ನಮ್ಮ ನಾಯಿ ಎಷ್ಟೋ ಸಲ ತಿಂದಿದೆ, ಏನೂ ಆಗಿಲ್ಲ" ಅನ್ನುವವರ ಮಾತಿಗೂ ಇದರಲ್ಲೇ ಉತ್ತರ ಇದೆ. ತಳಿಯಿಂದ ತಳಿಗೆ ಈ ಆಮ್ಲದ ಪ್ರಮಾಣ ಬೇರೆ. ಕಾಯಿಯಲ್ಲಿ ಜಾಸ್ತಿ, ಹಣ್ಣಾದಂತೆ ಕಡಿಮೆ. ಮೊನ್ನೆ ಬದುಕಿದ ನಾಯಿ ಇವತ್ತೂ ಬದುಕುತ್ತದೆ ಅನ್ನುವ ಹಾಗಿಲ್ಲ.

ಈ ಆಮ್ಲ ತುಂಬಿರುವ ಇನ್ನೊಂದು ಪದಾರ್ಥ ನಮ್ಮ ಸೀಮೆಯ ಮನೆಮನೆಯಲ್ಲೂ ಇದೆ. ಹುಣಸೆಹಣ್ಣು. ನೂರು ಗ್ರಾಂ ತಿರುಳಿನಲ್ಲಿ 8ರಿಂದ 18 ಗ್ರಾಂವರೆಗೂ ಟಾರ್ಟಾರಿಕ್‌ ಆಮ್ಲವೇ ಇರಬಹುದು. ದ್ರಾಕ್ಷಿ ಇದರ ಹತ್ತಿರಕ್ಕೂ ಬರುವುದಿಲ್ಲ. ಸುಗ್ಗಿಯಲ್ಲಿ ತುಮಕೂರಿನ ಮಾರುಕಟ್ಟೆಗೆ ಹುಣಸೆ ರಾಶಿರಾಶಿಯಾಗಿ ಬರುತ್ತದೆ. ಊರುಗಳಲ್ಲಿ ಹಣ್ಣು ಜಜ್ಜಿ ಬೀಜ ತೆಗೆಯುವವರ ಪಕ್ಕದಲ್ಲೇ ನಾಯಿ ಮಲಗಿರುತ್ತದೆ. ಉಂಡೆ ಕಟ್ಟಿದ ಹುಣಸೆ ಅದರ ಬಾಯಿಗೆ ಸಿಗದ ಹಾಗೆ ಎತ್ತಿಡಬೇಕು, ಅಷ್ಟೆ.

ಹಾಗಂತ ನಮ್ಮ ಊಟ ನಾಯಿಗೆ ಪೂರ್ತಿ ಪರಕೀಯವೇನಲ್ಲ. ಪಿಷ್ಟ ಜೀರ್ಣಿಸಲು ಅಮೈಲೇಸ್‌ ಅನ್ನುವ ಕಿಣ್ವ ಬೇಕು. ಅದನ್ನು ಮಾಡಿಸುವ ಜೀನ್‌ ತೋಳಗಳಲ್ಲಿ ಸಾಮಾನ್ಯವಾಗಿ 2 ಪ್ರತಿ ಇರುತ್ತದೆ. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ನೋಡಿದ ನಾಯಿಗಳಲ್ಲಿ 4ರಿಂದ 30 ಪ್ರತಿ ಇದ್ದವು. ಮನುಷ್ಯ ಕಾಳು ಬೆಳೆದು ಉಂಡ, ಜೊತೆಗಿದ್ದ ನಾಯಿಯ ಹೊಟ್ಟೆ ಅದಕ್ಕೆ ಒಗ್ಗಿಕೊಂಡಿತು. ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿ ನಾಯಿ ರಾಗಿಮುದ್ದೆ ಉಂಡು ಅರಗಿಸಿಕೊಳ್ಳುತ್ತದಲ್ಲ, ಅದರ ಹಿಂದೆ ಸಾವಿರಾರು ವರ್ಷದ ಒಡನಾಟ ಇದೆ. ಮುದ್ದೆಯೊಂದೇ ಸಾಲದು, ಮೊಟ್ಟೆಯೋ ಮಾಂಸವೋ ಸೇರಬೇಕು. ಆದರೆ ಮುದ್ದೆ ಅವನಿಗೆ ಆಹಾರವೇ.

ತೊಂದರೆ ಇರುವುದು ಮುದ್ದೆಯ ಮೇಲೆ ಸುರಿಯುವ ಸಾರಿನಲ್ಲಿ. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿ, ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಲಕ್ಷಣ ಕಾಣಿಸಲು ಎಷ್ಟೋ ಸಲ ಕೆಲವು ದಿನ ಬೇಕು. ಒಸಡು ಬಿಳಿಚಿಕೊಂಡು ನಾಯಿ ಸುಸ್ತಾಗುವ ಹೊತ್ತಿಗೆ ಸೋಮವಾರದ ಬಸ್ಸಾರು ಯಾರಿಗೆ ನೆನಪಿರುತ್ತದೆ? ಬೆಕ್ಕಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಜ್ವರ ಅಂತ ಅದಕ್ಕೆ ಪ್ಯಾರಾಸಿಟಮಾಲ್‌ ಕೊಡಬೇಡಿ. ಅದರ ಯಕೃತ್ತಿಗೆ ಆ ಔಷಧಿಯನ್ನು ಮುರಿದು ಹೊರಹಾಕಲು ಆಗುವುದಿಲ್ಲ. ಒಂದೇ ಮಾತ್ರೆ ಸಾಕು, ಬೆಕ್ಕು ಸಾಯಬಹುದು.

ಡ್ರಿಪ್‌ ಹೋಗುವಾಗ ಕರಿಯ ಕಾಲು ಎಳೆದುಕೊಳ್ಳದ ಹಾಗೆ ಹಿಡಿದು ಕೂತಿದ್ದೆ. ಆಗ ನೆನಪಾದದ್ದು ಜರ್ಮನಿಯ ಒಂದು ಮರಿ. 1914ರಲ್ಲಿ ಓಬರ್‌ಕಾಸೆಲ್‌ ಎಂಬಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಒಂದು ಹಳೆಯ ಸಮಾಧಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬಳು ಹೆಂಗಸು, ಜೊತೆಗೆ ಸುಮಾರು ಏಳು ತಿಂಗಳ ನಾಯಿಮರಿ. ಸುಮಾರು 14,000 ವರ್ಷ ಹಿಂದಿನದು. ಅದರ ಹಲ್ಲಿನ ಮೇಲಿನ ಗುರುತು ನೋಡಿ, ಅದಕ್ಕೆ ಡಿಸ್ಟೆಂಪರ್‌ ರೋಗ ಬಂದಿತ್ತು, ವಾರಗಟ್ಟಲೆ ನರಳಿತ್ತು ಎಂದು ಸಂಶೋಧಕರು 2018ರಲ್ಲಿ ಬರೆದರು. ನೀರು ಕುಡಿಸಿ, ಮೈ ಬೆಚ್ಚಗಿಟ್ಟು, ಯಾರಾದರೂ ನೋಡಿಕೊಳ್ಳದಿದ್ದರೆ ಅಷ್ಟು ದಿನ ಅದು ಉಳಿಯುತ್ತಿರಲಿಲ್ಲ. ಬೇಟೆಗೂ ಬಾರದ, ಕಾವಲಿಗೂ ಬಾರದ ರೋಗಿ ಮರಿ ಅದು.

ಆ ಡಿಸ್ಟೆಂಪರ್‌ಗೆ ಈಗ ಲಸಿಕೆ ಇದೆ. ವೈದ್ಯರು ಅದನ್ನೂ ಕೇಳಿದರು, ರೇಬೀಸ್‌ ಲಸಿಕೆಯನ್ನೂ ಕೇಳಿದರು. ಡಿಸ್ಟೆಂಪರ್‌ದು ಹಾಕಿಸಿರಲಿಲ್ಲ. ರೇಬೀಸ್‌ದು ಮೂರು ತಿಂಗಳಿದ್ದಾಗ ಒಮ್ಮೆ ಹಾಕಿಸಿದ್ದೆವು, ಆಮೇಲೆ ಮರೆತಿದ್ದೆವು. ಅದನ್ನು ವರ್ಷವರ್ಷ ಹಾಕಿಸಬೇಕು. ರೇಬೀಸ್‌ ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯನ್ನೂ ಉಳಿಸಲಾಗದು, ಅದು ಕಚ್ಚಿದ ಮನುಷ್ಯನಿಗೆ ಲಕ್ಷಣ ಬಂದರೆ ಅವನನ್ನೂ ಹೆಚ್ಚುಕಡಿಮೆ ಉಳಿಸಲಾಗದು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಕರಿಯ ಚೇತರಿಸಿಕೊಂಡ ಮೇಲೆ ಎರಡೂ ಲಸಿಕೆ ಹಾಕಿಸಿದೆವು. ಚೀಟಿ ಈಗ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ.

ಅಮ್ಮ ಈಗ ಒಲೆ ಮೇಲಿಂದ ಇಳಿಸಿದ ಮುದ್ದೆಯಲ್ಲಿ ಮೊದಲು ಒಂದು ತುಂಡು ಮುರಿದು ತಟ್ಟೆಯಲ್ಲಿ ಆರಲು ಇಡುತ್ತಾರೆ. ಅದಕ್ಕೆ ಒಂದು ಬೇಯಿಸಿದ ಮೊಟ್ಟೆ ಕಿವುಚುತ್ತಾರೆ. ಕರಿಯ ಹೊಸ್ತಿಲ ಆಚೆ ಕಾಯುತ್ತಾನೆ. ಸಾರಿನ ಪಾತ್ರೆಯ ಮುಚ್ಚಳ ತೆಗೆಯುವುದು ಅವನ ಊಟ ಮುಗಿದ ಮೇಲೆ.