ಪಟ್ಟಿ ದೋಣಿಗೆ ಎಪಾಕ್ಸಿ: ಬೆಳಿಗ್ಗೆ ಯಾಕೆ ಹಚ್ಚಬಾರದು

ಉಡುಪಿ ಹತ್ತಿರದ ಕೆಮ್ಮಣ್ಣಿನಲ್ಲಿ ಮಾವನ ಮನೆಯ ಹಿಂದಿನ ಶೆಡ್ಡಿನಲ್ಲಿ ನಾವಿಬ್ಬರೂ ಸೇರಿ 16 ಅಡಿಯ ಪಟ್ಟಿ ದೋಣಿ ಕಟ್ಟುತ್ತಿದ್ದೇವೆ, ಅಂದರೆ ತೆಳು ಮರದ ಪಟ್ಟಿಗಳನ್ನು ಅಂಟಿಸಿ ಮಾಡುವ ದೋಣಿ. ಸ್ವರ್ಣಾ ನದಿಯಲ್ಲಿ ಹುಟ್ಟು ಹಾಕಿಕೊಂಡು ಹೋಗುವಂಥದ್ದು. ಹೊರಮೈ ಹೋದ ವಾರ ಮುಗಿಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಅಚ್ಚು ಮತ್ತು ಪಟ್ಟಿ

ನೇರವಾದ ತೊಲೆಯ ಮೇಲೆ 30 ಸೆಂಟಿಮೀಟರಿಗೆ ಒಂದರಂತೆ ಪ್ಲೈವುಡ್ ಅಚ್ಚು ನಿಲ್ಲಿಸಬೇಕು. ಅಚ್ಚಿನ ಅಂಚಿಗೆ ಟೇಪ್ ಹಚ್ಚಿ, ಇಲ್ಲದಿದ್ದರೆ ಪಟ್ಟಿ ಅದಕ್ಕೇ ಅಂಟಿಕೊಳ್ಳುತ್ತದೆ. ಪಟ್ಟಿ 6 ಮಿಲಿಮೀಟರ್ ದಪ್ಪ, 20 ಮಿಲಿಮೀಟರ್ ಅಗಲ. ಒಂದರ ಪಕ್ಕ ಒಂದು ಅಂಟಿಸುತ್ತಾ ಹೋಗುವುದು, ಅಷ್ಟೆ.

ಮಾವನಿಗೆ ಹೆಬ್ಬಲಸಿನ ಮರವೇ ಬೇಕಿತ್ತು, ನಮ್ಮ ಕಡೆಯ ದೋಣಿಗೆ ಅದೇ ಅಲ್ವಾ. ಆದರೆ ಈ ದೋಣಿಗೆ ಗಟ್ಟಿತನ ಬರುವುದು ಒಳಗೂ ಹೊರಗೂ ಹಾಸುವ ಫೈಬರ್ ಬಟ್ಟೆ ಮತ್ತು ಎಪಾಕ್ಸಿಯಿಂದ. ಎಪಾಕ್ಸಿ ಎಂದರೆ ರೆಸಿನ್, ಹಾರ್ಡನರ್ ಎಂಬ ಎರಡು ದ್ರವ ಕಲಸಿ ಹಚ್ಚುವ, ಆಮೇಲೆ ಗಟ್ಟಿಯಾಗುವ ಅಂಟು. ಮರ ನಡುವಿನ ಹೂರಣ ಇದ್ದ ಹಾಗೆ. ಹಗುರ ಇದ್ದಷ್ಟೂ ಒಳ್ಳೆಯದು. ಹಾಗಾಗಿ ಪೈನ್ ತಂದೆವು.

ಅಳತೆ

ಫೈಬರ್ ದೋಣಿ ರಿಪೇರಿ ನೋಡಿದವರಿಗೆ ಒಂದು ಅಭ್ಯಾಸ ಇರುತ್ತದೆ: ಬೇಗ ಗಟ್ಟಿಯಾಗಬೇಕಾದರೆ ಹಾರ್ಡನರ್ ನಾಲ್ಕು ಹನಿ ಜಾಸ್ತಿ. ಅದು ಅಲ್ಲಿ ಬಳಸುವ ಪಾಲಿಯೆಸ್ಟರ್ ರೆಸಿನ್ನಿಗೆ ಸರಿ. ಎಪಾಕ್ಸಿಗೆ ಬೇಡವೇ ಬೇಡ. ನಮ್ಮ ಡಬ್ಬದಲ್ಲಿ ರೆಸಿನ್ 2ಕ್ಕೆ ಹಾರ್ಡನರ್ 1 ಎಂದಿತ್ತು. ಎರಡರಲ್ಲಿ ಯಾವುದು ಹೆಚ್ಚಾದರೂ ಆ ಹೆಚ್ಚಿನದು ಜೊತೆ ಸಿಗದೆ ಹಾಗೇ ಉಳಿಯುತ್ತದೆ, ಮೈ ಅಂಟಂಟಾಗಿಯೇ ಇರುತ್ತದೆ. ಕಲಸಿದ್ದನ್ನು ಮಗ್ಗಿನಲ್ಲಿ ಇಡಬೇಡಿ, ತನ್ನ ಬಿಸಿಗೆ ತಾನೇ ಕಾದು ಬೇಗ ಗಟ್ಟಿಯಾಗುತ್ತದೆ. ಅಗಲ ತಟ್ಟೆಗೆ ಸುರಿಯಿರಿ.

ಗುಳ್ಳೆ

ನಾವು ಎಡವಿದ್ದು ಇಲ್ಲಿ. ಬೆಳಿಗ್ಗೆ ಎಂಟಕ್ಕೆ, ತಂಪಿದೆ ಎಂದು ಬಟ್ಟೆ ಹಾಸಿ ಹಚ್ಚಲು ಶುರು ಮಾಡಿದೆವು. ಗಾಜಿನ ಹಾಗೆ ಕೂತಿತ್ತು. ಹತ್ತೂವರೆಗೆ ತಗಡಿನ ಮಾಡು ಕಾದಿತು. ಬಟ್ಟೆಯ ಅಡಿಯಿಂದ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಏಳತೊಡಗಿದವು. ಒತ್ತಿ ತೆಗೆದರೆ ಪಕ್ಕದಲ್ಲಿ ಮತ್ತೊಂದು. "ಇದೆಂತ ಮಾರಾಯ, ನೀರುದೋಸೆ ಹೊಯ್ದ ಹಾಗೆ ತೂತು!" ಎಂದರು ಮಾವ.

ಕಲಸುವಾಗ ಸೇರಿದ ಗಾಳಿ ಎಂದುಕೊಂಡಿದ್ದೆ. ಅಲ್ಲ. ಅದು ಮರದೊಳಗಿನ ಗಾಳಿ.

ಲೆಕ್ಕ ಹಾಕಿದಾಗಲೇ ನನಗೆ ಅರ್ಥವಾದದ್ದು. ದೋಣಿಯ ಮೈ ಸುಮಾರು 5 ಚದರ ಮೀಟರ್. 6 ಮಿಲಿಮೀಟರ್ ದಪ್ಪಕ್ಕೆ 30 ಲೀಟರ್ ಮರ. ಪೈನಿನಲ್ಲಿ ನೂರಕ್ಕೆ 60 ಪಾಲು ಬರೀ ಗಾಳಿ. ಅಂದರೆ 18 ಲೀಟರ್. ಮರ 25 ಡಿಗ್ರಿಯಿಂದ 33ಕ್ಕೆ ಏರಿದರೆ ಆ ಗಾಳಿ ನೂರಕ್ಕೆ ಹೆಚ್ಚುಕಮ್ಮಿ 3 ಪಾಲು ಹಿಗ್ಗುತ್ತದೆ. ಅರ್ಧ ಲೀಟರ್! ಅಷ್ಟೂ ಗಾಳಿ ಹೊರಗೆ ಬರಲು ನೋಡುತ್ತದೆ, ಮೇಲೆ ಹಸಿ ಎಪಾಕ್ಸಿ ಕೂತಿದೆ. ಗುಳ್ಳೆ ಏಳದೆ ಇನ್ನೇನು?

ನಂಬಿಕೆ ಬರದಿದ್ದರೆ ಹೀಗೆ ಮಾಡಿ. ಬಚ್ಚಲ ಹಂಡೆಯಿಂದ ಒಂದು ಚೆಂಬು ಬಿಸಿನೀರು ತನ್ನಿ. ತಣ್ಣಗಿರುವ ಪಟ್ಟಿಯ ತುಂಡನ್ನು ಅದರಲ್ಲಿ ಮುಳುಗಿಸಿ. ಕೊಯ್ದ ತುದಿಯಿಂದ ಗುಳ್ಳೆಗಳು ಸಾಲಾಗಿ ಬರುತ್ತವೆ. ಬಿಸಿಲಲ್ಲಿ ಕಾದ ತುಂಡನ್ನು ತಣ್ಣೀರಿಗೆ ಹಾಕಿದರೆ ಉಲ್ಟಾ, ಒಳಗಿನ ಗಾಳಿ ಕುಗ್ಗಿ ಮರ ನೀರನ್ನು ಎಳೆದುಕೊಳ್ಳುತ್ತದೆ. ನಮಗೆ ಬೇಕಾದದ್ದು ಇದೇ: ಎಪಾಕ್ಸಿಯನ್ನು ಮರ ತಾನಾಗಿ ಒಳಗೆ ಎಳೆದುಕೊಳ್ಳಬೇಕು.

ಆದ್ದರಿಂದ ನೋಡಬೇಕಾದದ್ದು ಬಿಸಿ ಎಷ್ಟಿದೆ ಎಂದಲ್ಲ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು. ಬೆಳಿಗ್ಗೆಯ 26 ಡಿಗ್ರಿ ಕೆಟ್ಟದ್ದು, ಸಂಜೆಯ 31 ಒಳ್ಳೆಯದು. ಇದು ತಲೆಗೆ ಹೋಗಲು ನನಗೆ ಎರಡು ದಿನ ಬೇಕಾಯಿತು.

ಹಾಳಾದ ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ, ತೇಪೆ ಹಾಕಿ, ಸಂಜೆ ಮತ್ತೆ ಹಚ್ಚಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ಬೆಳಿಗ್ಗೆ ನೋಡಿದರೆ ಮೈಮೇಲೆ ಮೇಣದಂಥ ಪದರ ಇತ್ತು. ರಾತ್ರಿಯ ತೇವಕ್ಕೆ ಹಾಗಾಗುತ್ತದೆ. ಮೊದಲು ನೀರು ಹಾಕಿ ಪಾತ್ರೆ ತಿಕ್ಕುವ ಸ್ಕ್ರಬ್ಬರಿನಲ್ಲಿ ತೊಳೆಯಿರಿ, ಉಜ್ಜುವುದು ಆಮೇಲೆ. ಸುಮ್ನೆ ಉಜ್ಜಿದರೆ ಆ ಮೇಣ ಒಳಗೇ ಮೆತ್ತಿಕೊಂಡು ಮುಂದಿನ ಪದರ ಹಿಡಿಯುವುದಿಲ್ಲ.

ಒಳಮೈ ಇನ್ನೂ ಬಾಕಿ. ಮಧ್ಯಾಹ್ನ ಎರಡಕ್ಕೆ ಶೆಡ್ಡಿನ ಬಾಗಿಲು ಹಾಕಿ ಮರವನ್ನು ಚೆನ್ನಾಗಿ ಕಾಯಲು ಬಿಡುತ್ತೇವೆ. ನಾಲ್ಕೂವರೆಗೆ ಬಾಗಿಲು ತೆರೆದು, ತಣಿಯಲು ಶುರುವಾದ ಮೇಲೆ ಮೊದಲ ತಟ್ಟೆ ಕಲಸುತ್ತೇವೆ.