ಲಿನಕ್ಸ್‌ನಲ್ಲಿ ಬ್ರೌಸರ್ ಪ್ಲಗಿನ್: ಹಾಕಿದರೂ ಕೆಲಸ ಮಾಡ್ತಿಲ್ವಾ?

ಪ್ಲಗಿನ್‌ನ ಡಾಟ್ ಎಸ್‌ಒ ಕಡತವನ್ನು ಮೊಜಿಲ್ಲಾದ ಪ್ಲಗಿನ್ಸ್ ಫೋಲ್ಡರಿಗೆ ಕಾಪಿ ಮಾಡಿ ಎನ್ನುವ ಟ್ಯುಟೋರಿಯಲ್ ಓದುತ್ತಿದ್ದರೆ ಅದನ್ನು ಅಲ್ಲಿಗೇ ಮುಚ್ಚಿ. ಅದು ಎನ್‌ಪಿಎಪಿಐ ಎಂಬ ಹಳೆಯ ಬಗೆಯ ಪ್ಲಗಿನ್‌ಗಳ ಕಾಲದ ಮಾತು. ಲಿನಕ್ಸ್‌ನ ಕ್ರೋಮ್ ಅವನ್ನು 2014ರಲ್ಲೇ ಕೈಬಿಟ್ಟಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ, 52ನೇ ಆವೃತ್ತಿಯಲ್ಲಿ, ಫ್ಲ್ಯಾಶ್ ಬಿಟ್ಟು ಉಳಿದವನ್ನು ನಿಲ್ಲಿಸಿತು. 2020ರ ಕೊನೆಗೆ ಫ್ಲ್ಯಾಶ್ ಕೂಡ ಹೋಯಿತು.

ಈಗ ನಾವು ಹಾಕಿಕೊಳ್ಳುವುದು ಎಕ್ಸ್‌ಟೆನ್ಶನ್, ಅಂದರೆ ಬ್ರೌಸರ್‌ಗೆ ಹೊಸ ಕೆಲಸ ಕಲಿಸುವ ಪುಟ್ಟ ಪ್ರೋಗ್ರಾಂ. ಜಾಹೀರಾತು ತಡೆಯುವಂಥವು ಪೂರ್ತಿ ಬ್ರೌಸರ್ ಒಳಗೇ ಇರುತ್ತವೆ. ಒಂದು ಗುಂಡಿ ಒತ್ತಿದರೆ ಸಾಕು, ಸುಡೋ (ಅಡ್ಮಿನ್ ಅಧಿಕಾರ ಕೊಡುವ ಆಜ್ಞೆ) ಬೇಕಿಲ್ಲ.

ತಲೆನೋವು ಕೊಡುವುದು ಅರ್ಧ ಬ್ರೌಸರ್‌ನಲ್ಲಿ, ಅರ್ಧ ಕಂಪ್ಯೂಟರ್‌ನಲ್ಲಿ ಇರುವಂಥವು. ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ಗೆ ಆಡ್-ಆನ್‌ಗಳನ್ನು ಬ್ರೌಸರ್‌ನಿಂದಲೇ ಹಾಕಿಕೊಡುವ ಗ್ನೋಮ್ ಶೆಲ್ ಇಂಟಿಗ್ರೇಶನ್ ಇದಕ್ಕೆ ಒಳ್ಳೆ ಉದಾಹರಣೆ. ಎಕ್ಸ್‌ಟೆನ್ಶನ್ ಹಾಕಿದ್ದೀರಿ, ಐಕಾನ್ ಕಾಣುತ್ತಿದೆ, ಆದರೂ ನೇಟಿವ್ ಹೋಸ್ಟ್ ಕನೆಕ್ಟರ್ (ಕಂಪ್ಯೂಟರ್ ಕಡೆಯ ಅರ್ಧ) ಸಿಗಲಿಲ್ಲ ಅನ್ನುತ್ತದೆ. ನಾನು ಒಂದು ಸಂಜೆ ಪೂರ್ತಿ ಎಕ್ಸ್‌ಟೆನ್ಶನ್ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದ್ದೆ. ಸುಮ್ನೆ ದಂಡ! ಅದರಲ್ಲಿ ತಪ್ಪೇ ಇರಲಿಲ್ಲ. ಗ್ನೋಮ್-ಬ್ರೌಸರ್-ಕನೆಕ್ಟರ್ ಎಂಬ ಪ್ಯಾಕೇಜನ್ನು ನಾನು ಹಾಕಿರಲೇ ಇಲ್ಲ.

ಈ ಎರಡು ಅರ್ಧಗಳು ಒಂದನ್ನೊಂದು ಹುಡುಕಿಕೊಳ್ಳುವುದು ಹೇಗೆ? ಪ್ಯಾಕೇಜ್ ತನ್ನ ಜೊತೆ ಜೇಸನ್ ರೂಪದ ಒಂದು ಪುಟ್ಟ ಪಠ್ಯ ಕಡತ ಇಡುತ್ತದೆ. ಅದರ ಹೆಸರು ಮ್ಯಾನಿಫೆಸ್ಟ್. ಪ್ರೋಗ್ರಾಂ ಹೆಸರೇನು, ಅದು ಡಿಸ್ಕ್‌ನಲ್ಲಿ ಎಲ್ಲಿದೆ, ಯಾವ ಎಕ್ಸ್‌ಟೆನ್ಶನ್ ಅದನ್ನು ಕರೆಯಬಹುದು ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಬ್ರೌಸರ್ ಇದಕ್ಕಾಗಿ ಡಿಸ್ಕ್ ಪೂರ್ತಿ ಜಾಲಾಡುವುದಿಲ್ಲ. ಗೊತ್ತುಪಡಿಸಿದ ಕೆಲವೇ ಫೋಲ್ಡರ್‌ಗಳಲ್ಲಿ ನೋಡುತ್ತದೆ. ಫೈರ್‌ಫಾಕ್ಸ್ ಆದರೆ ನಿಮ್ಮ ಹೋಮ್‌ನ ಡಾಟ್ ಮೊಜಿಲ್ಲಾದಲ್ಲಿ, ನೇಟಿವ್-ಮೆಸೇಜಿಂಗ್-ಹೋಸ್ಟ್ಸ್ ಎಂಬ ಫೋಲ್ಡರ್. ಇಡೀ ಸಿಸ್ಟಮ್‌ಗೆ ಹಾಕಿದ್ದರೆ ಯುಎಸ್‌ಆರ್ ಕೆಳಗೆ, ಲಿಬ್‌ನ ಮೊಜಿಲ್ಲಾದಲ್ಲಿ, ಅದೇ ಹೆಸರಿನ ಫೋಲ್ಡರ್. ಕ್ರೋಮ್‌ಗೆ ಬೇರೆ ಜಾಗ, ಕ್ರೋಮಿಯಂಗೆ ಇನ್ನೊಂದು. ಒಂದೇ ವಂಶದ ಬ್ರೌಸರ್‌ಗಳಾದರೂ ಒಬ್ಬರ ಮನೆಗೆ ಬಂದ ಕಾಗದ ಇನ್ನೊಬ್ಬರಿಗೆ ಸಿಗುವುದಿಲ್ಲ!

ಕೀಪಾಸ್‌ಎಕ್ಸ್‌ಸಿ ಎಂಬ ಪಾಸ್‌ವರ್ಡ್ ಮ್ಯಾನೇಜರ್ ಬಳಸುವವರಿಗೆ ಈ ಕೆಲಸ ಹಗುರ. ಅದರ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಬ್ರೌಸರ್‌ಗೆ ಟಿಕ್ ಹಾಕಿದರೆ ಮ್ಯಾನಿಫೆಸ್ಟ್ ತಾನೇ ಬರೆದುಕೊಳ್ಳುತ್ತದೆ.

ಉಬುಂಟು 22.04ರಲ್ಲಿ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ. ಅಂದರೆ ಬ್ರೌಸರ್ ಸುತ್ತ ಒಂದು ಬೇಲಿ ಇದೆ ಅಂದುಕೊಳ್ಳಿ. ಪ್ರೊಫೈಲ್ (ನಿಮ್ಮ ಬುಕ್‌ಮಾರ್ಕ್, ಸೆಟ್ಟಿಂಗ್ಸ್ ಇರುವ ಫೋಲ್ಡರ್) ಕೂಡ ಹಳೆಯ ಜಾಗದಲ್ಲಿ ಇರದೆ, ಹೋಮ್‌ನ ಸ್ನ್ಯಾಪ್ ಫೋಲ್ಡರ್ ಒಳಗೆ ಇರುತ್ತದೆ. ಹೊರಗಿನ ಪ್ರೋಗ್ರಾಂ ಓಡಿಸಲು ಬಿಡಲೇ ಎಂದು ಕಿಟಕಿ ಬಂದರೆ, ಓದಿ ಉತ್ತರಿಸಿ. ಅವಸರದಲ್ಲಿ ಬೇಡ ಅಂದುಬಿಟ್ಟರೆ ಎಲ್ಲ ಸರಿಯಾಗಿ ಹಾಕಿದ್ದರೂ ಕೆಲಸ ಆಗುವುದಿಲ್ಲ.

ಆದರೂ ಆಗಲಿಲ್ಲ ಅಂದರೆ, ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಜೆ ಒಟ್ಟಿಗೆ ಒತ್ತಿ ಬ್ರೌಸರ್ ಕನ್ಸೋಲ್ ತೆರೆಯಿರಿ. "ನೋ ಸಚ್ ನೇಟಿವ್ ಅಪ್ಲಿಕೇಶನ್" ಎಂದು ಕಂಡರೆ ಮೊದಲು ಮ್ಯಾನಿಫೆಸ್ಟ್ ಸರಿಯಾದ ಫೋಲ್ಡರ್‌ನಲ್ಲಿ ಇದೆಯಾ ನೋಡಿ. ಇದ್ದರೆ, ಕೊನೆಯ ಡಾಟ್ ಜೇಸನ್ ಬಿಟ್ಟು ಕಡತದ ಹೆಸರೂ ಒಳಗೆ ಬರೆದ ಹೆಸರೂ ಒಂದೇನಾ ಎಂದು ಅಕ್ಷರ ಅಕ್ಷರ ಹೋಲಿಸಿ.